ಏಕಾವಧಾನಿ

ಗಿರಣಿಗೆ ಒಂದೇ ಬಾಯಿ.
ಬಾಗಿಲ ತನಕ ಡಬ್ಬಿಗಳ ಸಾಲು,
ಎರಡು ಗೋಧಿ, ಒಂದು ಜೋಳ, ಬಾಕಿಯೆಲ್ಲ ರಾಗಿ.
ಮೂಲೆಯಲ್ಲಿ ಮೆಣಸಿನಕಾಯಿ ಗೋಣಿ, ಅದರ ಸರದಿ
ಯಾವತ್ತೂ ಸಂಜೆ, ಎಲ್ಲ ಮುಗಿದ ಮೇಲೆ.

ಗಾಡಿಕೊಪ್ಪದ ಈ ಗಲ್ಲಿಗೆ ಗೊತ್ತು:
ಕಲ್ಲು ತಿರುಗುವಾಗ ದಾಕ್ಷಾಯಿಣಿಯನ್ನು
ಮಾತಾಡಿಸಬಾರದು.
ಮಾತಾಡಿಸುತ್ತಾರೆ.

"ದಾಕ್ಷಕ್ಕಾ, ಚಿಲ್ಲರೆ ಉಂಟಾ?"
"ಸೊಸೆಗೆ ಎಷ್ಟು ತಿಂಗಳು?"
"ಸಾಗರದ ಬಸ್ಸು ಹೋಯ್ತಾ?"
ದುಡ್ಡಿನ ಪೆಟ್ಟಿಗೆ ತಾನೂ ಸುಮ್ಮನಿರದೆ
ನಲವತ್ತು ರೂಪಾಯಿ ಬಂದಿದೆ ಅಂತ ಕೂಗುತ್ತದೆ.
ಯಾರ ನಲವತ್ತು? ಯಾವ ಡಬ್ಬಿಯ ನಲವತ್ತು?
ತೂಕ ನೋಡಿದರೆ ಹೆಸರು ಹೋಯಿತು,
ಹೆಸರು ಬರೆದರೆ ತೂಕ.

ಎದುರಿಗೆ ಶಮೀಮಳ ಟೈಲರ್ ಅಂಗಡಿ.
ತುಟಿಯಲ್ಲಿ ಗುಂಡುಸೂಜಿ, ಕಿವಿ ಭುಜದ ನಡುವೆ ಫೋನು,
ಕಾಲು ಪೆಡಲಿನ ಮೇಲೆ,
ಮಗನ ಮಗ್ಗಿಯಲ್ಲಿ ಏಳೆಂಟ್ಲೆ ತಪ್ಪಿದ್ದು
ಅಲ್ಲಿಂದಲೇ ಗೊತ್ತಾಗುತ್ತದೆ ಅವಳಿಗೆ.
ಅವಳ ತಲೆಯಲ್ಲಿ ನಾಲ್ಕು ಒಲೆ.
ನನ್ನದು ಒಂದು, ಅದೂ ಊದುತ್ತಲೇ ಇರಬೇಕು.

ಹೋದ ಡಿಸೆಂಬರು.
ಮೆಣಸು ಮುಗಿದಿತ್ತು. ಕಲ್ಲು ತೊಳೆಯಲು
ಒಂದು ಸೇರು ನುಚ್ಚು ಹಾಕಬೇಕು, ಕೈ ಚಾಚಿದೆ.
ಫೋನು. ಗ್ಯಾಸಿನವನು. ನಂಬರು ಹೇಳಿ ಅಂದ.
ನಾಲ್ಕೇ ನಾಲ್ಕು ಅಂಕಿ, ಹೇಳಿದೆ.
ತಿರುಗಿ ಬಾಯಿಗೆ ಸುರಿದದ್ದು
ನಾಳೆಗೆಂದು ಇಟ್ಟು ಹೋಗಿದ್ದ ಪೂರ್ಣಿಮಾಳ ಡಬ್ಬಿ:
ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಹದವಾಗಿ ಹುರಿದ ರಾಗಿ,
ಆರು ತಿಂಗಳ ಕೂಸಿನ ಮೊದಲ ಸರಿಗೆ.
ರಾಗಿಯ ಬಣ್ಣ ಎಂಥದ್ದನ್ನೂ ಮುಚ್ಚಿಕೊಳ್ಳುತ್ತದೆ.

ಮೂರನೇ ದಿನ ಬಂದಳು. ಬೈಯಲಿಲ್ಲ.
ಮುಚ್ಚಳ ತೆಗೆದು ನನ್ನ ಮೂಗಿಗೆ ಹಿಡಿದಳು.
"ಪುಣ್ಯಕ್ಕೆ ನಾನೇ ಮೊದಲು ನೆಕ್ಕಿ ನೋಡಿದೆ."
ಸೀನಿದೆ. ಮತ್ತೆ ಸೀನಿದೆ.
ಆಮೇಲೆ ಬಂದದ್ದು ಸೀನಲ್ಲ.

ಅವತ್ತು ರಾತ್ರಿ ನೆನಪಾಯಿತು
ತೀರ್ಥಹಳ್ಳಿ, ಎಂಟನೇ ಕ್ಲಾಸು, ಶಾಲೆಯಲ್ಲಿ ಅಷ್ಟಾವಧಾನ.
ಸುತ್ತ ಎಂಟು ಜನ. ಒಬ್ಬರು ಅಕ್ಷರ ನಿಷೇಧಿಸುವವರು,
ಒಬ್ಬರಿಗೆ ಅಡ್ಡಮಾತಾಡುವುದೇ ಕೆಲಸ,
ಅದಕ್ಕೊಂದು ಗೌರವದ ಹೆಸರು ಬೇರೆ: ಅಪ್ರಸ್ತುತ ಪ್ರಸಂಗ.
ನನ್ನ ಕೈಗೆ ಗಂಟೆ. "ಮನಸ್ಸು ಬಂದಾಗ ಬಾರಿಸು,
ಲೆಕ್ಕ ಅವರಿಟ್ಟುಕೊಳ್ಳುತ್ತಾರೆ" ಅಂದರು ಮೇಷ್ಟ್ರು.

ಬಾರಿಸಿದೆ, ಬಾರಿಸಿದೆ.
ಅಷ್ಟರಲ್ಲಿ ಕೊನೆಯ ಪಾದಕ್ಕೊಂದು ಶಬ್ದ ಹುಡುಕುತ್ತ
ಅವಧಾನಿಗಳ ಹೆಬ್ಬೆರಳು
ಬೆರಳ ಗಿಣ್ಣಿನಿಂದ ಗಿಣ್ಣಿಗೆ ನಡೆಯತೊಡಗಿತು,
ಹೊಳೆ ದಾಟುವವರು ಕಲ್ಲಿಂದ ಕಲ್ಲಿಗೆ ಕಾಲಿಡುವಂತೆ.
ಬೀಳಬಾರದಲ್ಲ ದೇವರೇ ಅಂತ ನೋಡುತ್ತ ಕೂತೆ.
ಮಡಿಲಲ್ಲಿ ಗಂಟೆ ಬೆಚ್ಚಗಾಯಿತು.

"ಗಂಟೆ ಹನ್ನೊಂದು," ಎಂದರು ಕೊನೆಗೆ.
"ಆಮೇಲೆ ಹುಡುಗಿ ಬಾರಿಸಲಿಲ್ಲ."
ಸಭೆಯೆಲ್ಲ ನಗು. ಮೇಷ್ಟ್ರು ಹಲ್ಲು ಕಚ್ಚಿದರು.
"ಮರೆತದ್ದಲ್ಲ, ಕೇಳುತ್ತಿದ್ದಳು"
ಎಂದೂ ಅವರು ಅಂದರು.
ಅಥವಾ ಅದನ್ನು ನಾನೇ ಆಮೇಲೆ ಸೇರಿಸಿಕೊಂಡೆನೋ,
ಖಾತ್ರಿಯಿಲ್ಲ.

ಅವರಿಗಾದರೂ ಎಂಟೇ ಜನ,
ಎರಡು ತಾಸು, ಮುಗಿದ ಮೇಲೆ ಶಾಲು.
ಇಲ್ಲಿ ಅಪ್ರಸ್ತುತ ಪ್ರಸಂಗಕ್ಕೆ
ಇಡೀ ಸಾಗರ ರಸ್ತೆ ಕೂತಿದೆ,
ಹೆಗಲಿಗೆ ಬೀಳುವುದು ಹಿಟ್ಟು.

ಈಗ ಫೋನನ್ನು ಖಾಲಿ ಡಬ್ಬಿಗೆ ಹಾಕಿ
ಮುಚ್ಚಳ ಬಿಗಿಯುತ್ತೇನೆ.
ಒಳಗೆ ಅದು ಜೀರುಂಡೆಯ ಹಾಗೆ ಗುಯ್‌ಗುಟ್ಟಿ ಸುಮ್ಮನಾಗುತ್ತದೆ.

ಇವತ್ತು ಪೂರ್ಣಿಮಾ ಮತ್ತೆ ಬಂದಿದ್ದಳು, ಹೊಸ ರಾಗಿ.
ಕೂಸನ್ನು ಸೊಂಟದಲ್ಲಿಟ್ಟುಕೊಂಡು
ಒಂದು ಮಾತೂ ಆಡದೆ ನಿಂತಳು.
ಕೊನೆಯ ಹಿಡಿ ಬಿದ್ದಾಗ
ಕಲ್ಲಿನ ದನಿ ಒಂದೆಳೆ ತೆಳ್ಳಗಾಗುತ್ತದೆ.
ಶಮೀಮಳಿಗೆ ಎಷ್ಟು ಸಲ ಕೇಳಿಸಿದರೂ ಅದು ಕೇಳುವುದಿಲ್ಲ,
ನನಗೆ ಕೇಳುತ್ತದೆ.
ಕೇಳಿತು. ಸ್ವಿಚ್ ತೆಗೆದೆ.
ಬೆಚ್ಚಗಿನ ಹಿಟ್ಟನ್ನು ನಾಲಿಗೆಗೆ ಮೊದಲು ನಾನೇ ಇಟ್ಟುಕೊಂಡೆ.

ಆಮೇಲೆ ತಲೆಯೆತ್ತಿ
"ಇಲ್ಲ, ಸಾಗರದ ಬಸ್ಸು ಇನ್ನೂ ಬಂದಿಲ್ಲ" ಎಂದೆ.
ಕೇಳಿದವರು
ಹತ್ತಿಕೊಂಡು ಹೋಗಿ ಆಗಿತ್ತು.