ಹದಿಮೂರು ನಲವತ್ತು

ಎಲ್ಜಿಯರ್ ತೀರಿಕೊಂಡದ್ದು ಮಂಗಳವಾರ.
ಬುಧವಾರ ಬೆಳಗಿನ ಐದೂವರೆಗೆ ಎಂದಿನಂತೆ ಕೆಮ್ಮಿದ,
ಕುರ್ಚಿ ಕಿರುಗುಟ್ಟಿತು,
‘ಎದ್ದಿರೇನ್ರಪ್ಪಾ’ ಎಂದ ಫ್ರೆಂಚಿನಲ್ಲಿ,
‘ಏಳದಿದ್ದರೂ ನಡೆದೀತು’ ಅಂತ ಇಂಗ್ಲಿಷಿನಲ್ಲಿ ಮುಗಿಸಿದ.

ಆಸ್ಪತ್ರೆಗೆ ಹೋಗುವ ಮುಂಚೆ
ವಾರಕ್ಕಾಗುವಷ್ಟು ಮಾತು ತುಂಬಿಸಿಟ್ಟಿದ್ದನಂತೆ,
ಊರಿಗೆ ಹೊರಟವಳು ಸಾರು ಮಾಡಿ
ಡಬ್ಬಿಗೆ ಹಾಕಿಟ್ಟು ಹೋಗುವ ಹಾಗೆ.
ಸ್ಟೇಷನ್ನಿನ ಹುಡುಗಿಗೆ ನಿಲ್ಲಿಸಲು ಕೈ ಬರಲಿಲ್ಲ.

ಕಾಗದದ ಗಿರಣಿಯಲ್ಲಿ ನಾನು ಹಾಳೆ ಎಣಿಸುತ್ತಿದ್ದೆ,
ಐನೂರಕ್ಕೊಂದು ಕಟ್ಟು.
ಯಂತ್ರದ ಗದ್ದಲದೊಳಗೆ ಹಾಡು ಎಲ್ಲಿ ಕೇಳಬೇಕು?
ಆದರೂ ಕಂಬಕ್ಕೆ ತೂಗುಹಾಕಿದ ರೇಡಿಯೋದ
ಹಳದಿ ದೀಪ ಕಂಡರೆ ಸಾಕು,
ಇನ್ನೊಬ್ಬನೂ ಎಚ್ಚರವಿದ್ದಾನೆ ಎನ್ನುವುದು.

ಇದ್ದನೇ? ಒಂದು ಫೆಬ್ರವರಿ ರಾತ್ರಿ ನಿದ್ದೆಹೋಗಿಬಿಟ್ಟ.
ಹಾಡು ಮುಗಿದು ಮುಳ್ಳು ತಟ್ಟೆಯ ಅಂಚಿಗೆ ಬಂದು
ಟಕ್, ಟಕ್, ಟಕ್.
ನಲವತ್ತು ನಿಮಿಷ.
ಅಗ್ನಿಶಾಮಕದವರು ಹೋಗಿ ಬಾಗಿಲು ಬಡಿದರು.
ಎದ್ದವನು ಮೈಕಿಗೆ ಬಾಯಿಟ್ಟು ಹೇಳಿದ್ದು:
‘ಇದು ಹೊಸ ಪ್ಲೇಟು. ಇಷ್ಟವಾಯಿತೆ?’
ಅಂದು ಬೇಡಿಕೆ ಕಾರ್ಯಕ್ರಮಕ್ಕೆ ಹನ್ನೊಂದು ಜನ ಫೋನು ಮಾಡಿ
ಅದನ್ನೇ ಕೇಳಿದರು.

ದನಿ ಚೆಂದವೇನಲ್ಲ. ಮೂಗು ಕಟ್ಟಿದ ದನಿ.
ಊರಿಗೆ ಸಿಕ್ಕ ದನಿ ಅದೊಂದೇ, ಅದಕ್ಕೇ
ಮಕ್ಕಳು ಹಿಮ ಸುರಿದ ಬೆಳಗಿನಲ್ಲಿ
ಕಂಬಳಿಯೊಳಗೆ ಉಸಿರು ಬಿಗಿಹಿಡಿದು
ತಮ್ಮ ಶಾಲೆಯ ಹೆಸರು ಅವನ ಬಾಯಲ್ಲಿ ಬರಲೆಂದು ಕಾಯುತ್ತಿದ್ದವು.
ಅವನೋ ಬೇಕೆಂದೇ ತಡೆದು ತಡೆದು,
ಕಾಫಿ ಹೀರಿ, ಒಂದು ಪೋಲ್ಕಾ ಹಾಕಿ,
ಆಮೇಲೆ ಓದುತ್ತಿದ್ದ.
ಮನೆಮನೆಯಿಂದ ಏಳುತ್ತಿದ್ದ ಕೂಗು
ನದಿಯಾಚೆಯ ಕೆನಡಾಕ್ಕೂ ಕೇಳುತ್ತಿತ್ತು ಅಂತ ಅಮ್ಮ ಹೇಳುತ್ತಿದ್ದಳು,
ಅಮ್ಮ ಎಲ್ಲವನ್ನೂ ಸ್ವಲ್ಪ ಹಿಗ್ಗಿಸುತ್ತಿದ್ದಳು.

ಅವಳ ಕಾಲಕ್ಕೆ ಶಾಲೆಯ ಅಂಗಳದಲ್ಲಿ
ಮನೆಮಾತು ಆಡಿದರೆ ಬೆರಳಿಗೆ ಏಟು.
ರೇಡಿಯೋದಲ್ಲಿ ಅದೇ ಮಾತು, ಅದೇ ಬೈಗುಳ ಸಮೇತ,
ಕೇಳಿದ ದಿನ ಅವಳು
ಒಲೆಯ ಮೇಲಿನ ಹಾಲು ಉಕ್ಕಿದರೂ ನೋಡಲಿಲ್ಲ.

ನನ್ನದೊಂದು ಎಡಗೈ ಗವಸು, ಕಂದು ಉಣ್ಣೆಯದು,
ಚರ್ಚಿನ ಮೆಟ್ಟಿಲಲ್ಲಿ ಕಳೆದಿತ್ತು.
ಕಳೆದ ನಾಯಿ, ಹೋದ ಕೀಲಿಕೈ, ಮಾರಾಟಕ್ಕಿರುವ ತೊಟ್ಟಿಲು,
ಇವುಗಳ ನಡುವೆ ಮೂರು ದಿನ ಸಾರಿದ.
ನಾಲ್ಕನೆಯ ದಿನ ಗಿರಣಿಯ ಗೇಟಿಗೆ ಒಬ್ಬ ಗವಸು ತಂದ.
ಬೂದು ಬಣ್ಣದ್ದು. ಬಲಗೈಯದು.
‘ಎಲ್ಜಿಯರ್ ಹೇಳಿದ್ದು ಇದೇ ಅಲ್ಲವೇ’ ಅಂದ.
ಅಲ್ಲ.
ಅವನನ್ನೇ ಮದುವೆಯಾದೆ. ಒನೆಸಿಮ್.

ಆ ಗುರುವಾರ ಎಲ್ಜಿಯರ್ ಹೇಳಿದ:
‘ನನ್ನ ಎಡಮಂಡಿ ಹೇಳುತ್ತಿದೆ, ಇವತ್ತು ಒಂದಡಿ ಹಿಮ.’
ಆಕಾಶ ತೊಳೆದಿಟ್ಟ ಬಟ್ಟಲಿನ ಹಾಗಿತ್ತು.
ಆದರೂ ಬೀದಿಯುದ್ದಕ್ಕೂ ನೋಡಿದೆ,
ಪ್ರತಿ ಬಾಗಿಲ ಪಕ್ಕ ಸಲಿಕೆ ಒರಗಿಸಿಟ್ಟಿದ್ದರು,
ಪಾದ್ರಿ ಕೂಡ.

ಶುಕ್ರವಾರ ಹೂಳಿದೆವು.
ಪಾದ್ರಿ ಒಂದು ನಿಮಿಷ ಮೌನ ಅಂದಾಗ
ಹಿಂದಿನ ಸಾಲಿನ ಫಿಲೋಮೆನ್ ಮುದುಕಿ
‘ಇದವನಿಗೆ ಹಿಡಿಸುವುದಿಲ್ಲ’ ಎಂದು ಗಟ್ಟಿಯಾಗಿ ಅಂದಳು.
ಯಾರೋ ನಕ್ಕರು. ಆಮೇಲೆ ಯಾರಿಗೂ ನಿಲ್ಲಿಸಲಾಗಲಿಲ್ಲ.

ಶನಿವಾರ ಕೊನೆಯ ಮಾತು:
‘ಸೋಮವಾರದ್ದು ಸೋಮವಾರ ನೋಡೋಣ.’
ಸೋಮವಾರ ಟೆಕ್ಸಸ್ಸಿನಿಂದ ಯಾರೋ, ನಮ್ಮ ನದಿಯ ಹೆಸರು
ತಪ್ಪಾಗಿ ಉಚ್ಚರಿಸುತ್ತಾ,
ಕಾರಿನ ಸಾಲದ ಬಗ್ಗೆ ಹೇಳುತ್ತಿದ್ದ.

ಈಗ ಒನೆಸಿಮ್‌ಗೆ ಕಿವಿ ಮಂದ.
ಗಿರಣಿಯೇ ತಿಂದದ್ದು.
ಬೆಳಿಗ್ಗೆ ಷೂ ಹಾಕಿಕೊಳ್ಳುತ್ತಾ
ಅಡುಗೆಮನೆಯತ್ತ ಕೂಗುತ್ತಾನೆ:
‘ಏನಂದ ಇವತ್ತು?’

ರೇಡಿಯೋ ಹಚ್ಚಿಲ್ಲ.
ಕಿಟಕಿಯಿಂದ ಆಚೆ ನೋಡುತ್ತೇನೆ,
ನನ್ನ ಮಂಡಿಯನ್ನೂ ಒಮ್ಮೆ ಮುಟ್ಟಿ ನೋಡಿಕೊಂಡು
‘ಹಿಮವಂತೆ’ ಅನ್ನುತ್ತೇನೆ, ಜೋರಾಗಿ,
‘ಟೋಪಿ ಹಾಕಿಕೋ.’