ಲೈಟು ಆರಿಸುವ ಕೆಲಸ

ಖಡಕಿಯ ಎರಡು ಕೋಣೆಯ ಮನೆಯಲ್ಲಿ
ಅಪ್ಪನ ಹಿತ್ತಾಳೆಗೆ ನನ್ನ ಪಾಲಿನ ಕೆಲಸ ಒಂದೇ:
ಸ್ವಿಚ್ಚಿನ ಬಳಿ ನಿಂತು, ಅವನು ಅಂದಾಗ ಲೈಟು ಆರಿಸುವುದು.

"ಆರಸವಾ. ಬೆಳಕಿನ್ಯಾಗ ಕೆಂಪು ಸುಳ್ಳ ಹೇಳತೈತಿ."

ಕತ್ತಲಾದ ಮೇಲೆ ಗ್ಯಾಸಿನ ನೀಲಿ ಉಂಗುರ,
ಅದರ ಮೇಲೆ ಇಕ್ಕಳದ ಬಾಯಲ್ಲಿ
ಜೂನಾ ಬಜಾರಿನಿಂದ ತೂಕಕ್ಕೆ ತಂದ ತಗಡಿನ ಬಿಲ್ಲೆ.
ಮೊದಲು ಏನೂ ಇಲ್ಲ. ಆಮೇಲೂ ಏನೂ ಇಲ್ಲ.
ಆಮೇಲೆ, ಕಣ್ಣು ಮುಚ್ಚಿ ಬಿಸಿಲಿಗೆ ಮುಖ ಮಾಡಿದರೆ
ರೆಪ್ಪೆಯ ಒಳಗೆ ಕಾಣುತ್ತದಲ್ಲ, ಅಂಥ ಕೆಂಪು.
"ಸಾಕು" ಅನ್ನುತ್ತಿದ್ದ.
ಇನ್ನೂ ಬಿಟ್ಟರೆ ಬಿಳಿ ಹೊಗೆಯಾಗಿ ಸತುವು ಎದ್ದು ಹೋಗುತ್ತದೆ,
ಉಳಿಯುವುದು ಹಿತ್ತಾಳೆಯ ಹೆಸರು.

ಮೂವತ್ತೊಂದು ವರ್ಷ ಫ್ಯಾಕ್ಟರಿಯ ಭಟ್ಟಿಯ ಮುಂದೆ ನಿಂತವನು.
ಬಿಲ್ಲೆ ಬಟ್ಟಲಾಗಿ, ಬಟ್ಟಲು ಕೊಳವೆಯಾಗಿ,
ಕೊಳವೆ ಗುಂಡಿನ ಅಂಗಿಯಾಗುವ ದಾರಿಯಲ್ಲಿ
ಎಳೆತಕ್ಕೂ ಎಳೆತಕ್ಕೂ ನಡುವೆ ಒಮ್ಮೆ ಅಪ್ಪನ ಬೆಂಕಿ.
ಗುಂಡಿಗೂ ಒಂದು ಅಂಗಿ ಇರುತ್ತದೆ ಎಂದು
ಶಾಲೆಯಲ್ಲಿ ಹೇಳಿ ನಗೆಪಾಟಲಾಗಿದ್ದೆ.
ಅವ್ವ ಅಂಗಿ ಹೊಲಿಯುವವಳು.
ಇಬ್ಬರದೂ ಒಂದೇ ಕಸುಬು ಅಂದುಕೊಂಡಿದ್ದೆ.

ಕಬ್ಬಿಣ ಕಾದಾಗ ಬಡಿಯಬೇಕು ಅನ್ನುವ ಗಾದೆ
ಅಪ್ಪನಿಗೆ ಸೇರುತ್ತಿರಲಿಲ್ಲ.
"ಅದು ಕಂಬಾರರ ಮಾತು. ಹಿತ್ತಾಳಿ ಬ್ಯಾರೆ ಜಾತಿ.
ಕಾಸಿ, ತಣ್ಣಗ ಮಾಡಿ, ಆಮ್ಯಾಲ ಬಡೀಬೇಕು.
ಬಡದಷ್ಟೂ ಸೆಟಗೊಳ್ಳತೈತಿ.
ಮತ್ತ ಬೆಂಕಿಗೆ ಒಯ್ದು, ಮರತಬಿಡ ಅಂತ ಹೇಳಬೇಕು."
"ಏನ ಮರೀಬೇಕು?"
"ಹೊಡತ."

ಮರೆಯದಿದ್ದರೆ ಏನಾಗುತ್ತದೆ, ಅದನ್ನೂ ತೋರಿಸಿದ್ದ.
ಕಾಸದೆ ಬಿಟ್ಟ ಒಂದು ಬಟ್ಟಲು,
ಸಂಡಾಸಿನ ಕಡೆಯ ಕಿಟಕಿಯಲ್ಲಿ ಇಟ್ಟದ್ದು.
ಯಾರೂ ಮುಟ್ಟಲಿಲ್ಲ, ಯಾರೂ ಬೀಳಿಸಲಿಲ್ಲ.
ಎರಡನೇ ಮಳೆಗಾಲಕ್ಕೆ ಅಂಚಿನಿಂದ ತಳದವರೆಗೆ
ತಾನೇ ಸೀಳಿತ್ತು.

ಕಾರ್ಗಿಲ್ಲಿನ ಬೇಸಿಗೆ. ಅಪ್ಪನಿಗೆ ಒಂದರ ಮೇಲೊಂದು ಪಾಳಿ.
ಓವರ್‌ಟೈಮಿನ ದುಡ್ಡಲ್ಲಿ ಕಾಲ್ತುಳಿತದ ಹೊಸ ಮಷೀನು ಬಂತು,
ಭೋಕರೆ ಕಾಕು ಅದಕ್ಕೆ ಕುಂಕುಮ ಹಚ್ಚಿ ಹೋದಳು.
ಅವ್ವ ಚಕ್ರದ ಮೇಲೆ ಕೈಯಿಟ್ಟು, ತಿರುಗಿಸದೆ, ಕೇಳಿದಳು:
"ಇದರಾಗ ಎಷ್ಟ ಗುಂಡು ಅದಾವರಿ?"

ಚಾಡಿ ನಂಬುವವರದು ಹಿತ್ತಾಳೆ ಕಿವಿ ಅನ್ನುತ್ತಾರೆ.
ಅಪ್ಪನದು ಹಿತ್ತಾಳೆ ತಿಂದ ಕಿವಿ,
ಪ್ರೆಸ್ಸಿನ ಸದ್ದಿಗೆ ಎಡದ್ದು ಪೂರಾ, ಬಲದ್ದು ಅರ್ಧ.
ಅವ್ವ ಯಾವ ಕಡೆ ನಿಂತಿದ್ದಳು, ಈಗ ನೆನಪಿಲ್ಲ.
ಅವನು ಊಟ ಮಾಡಿ ಮಲಗಿದ.

ಆ ಭಾನುವಾರವೇ ಮೊದಲ ಸಲ ನನ್ನನ್ನು ಸ್ವಿಚ್ಚಿನ ಬಳಿ ನಿಲ್ಲಿಸಿದ್ದು.
ಒಂದು ಬಿಲ್ಲೆ. ಕಾಸಿದ, ಮರದ ಗುಣಿಯಲ್ಲಿಟ್ಟು ತಟ್ಟಿದ,
ಮತ್ತೆ ಕಾಸಿದ, ತಟ್ಟಿದ.
ಬಟ್ಟಲಾದೊಡನೆ ನಿಲ್ಲಿಸಿಬಿಟ್ಟ.
ಮುಂದಕ್ಕೆ ಎಳೆಯಲಿಲ್ಲ.
ಮೊಳೆಯ ಮೊನೆಯಿಂದ ಮೈತುಂಬ ಚುಕ್ಕಿ ಹೊಡೆದು
ಅವ್ವನ ನಡುಬೆರಳಿಗೆ ತೊಡಿಸಿ ನೋಡಿದ.
ಅಂಗುಸ್ತಾನ.
ಮಾಪು ತಪ್ಪಿರಲಿಲ್ಲ.

ಇಪ್ಪತ್ತು ವರ್ಷ ಸೂಜಿಯ ಹಿಂಭಾಗ ಗುದ್ದಿಗುದ್ದಿ
ಅದೂ ಸೆಟೆದುಕೊಂಡಿದೆ. ಅವ್ವನ ಗೆಣ್ಣು ಊದಿದೆ,
ಸ್ವಲ್ಪ ಅಗಲ ಮಾಡಿಕೊಡ್ರಿ ಅನ್ನುತ್ತಾಳೆ.
ಅಪ್ಪನ ಕಣ್ಣಲ್ಲಿ ಪೊರೆ. ಆಪರೇಷನ್ನು ದೀಪಾವಳಿ ಆದಮೇಲಂತೆ.
ಹೀಗಾಗಿ ಇವತ್ತು ಇಕ್ಕಳ ನನ್ನ ಕೈಯಲ್ಲಿ,
ಸ್ವಿಚ್ಚಿನ ಬಳಿ ಅವನು.

ಕತ್ತಲು. ನೀಲಿ ಉಂಗುರ.
"ಬಂತೇನು?"
"ಇನ್ನಾ ಇಲ್ಲ."
"ಈಗ? ಎಂಥಾ ಕೆಂಪು?"
ಅವನ ಬಲಗಿವಿಗೆ ಕೇಳುವಷ್ಟು ಜೋರಾಗಿ ಹೇಳಲು
ಆ ಕೆಂಪಿಗೆ ನನ್ನಲ್ಲಿ ಹೆಸರಿಲ್ಲ.
"ಸಾಕು" ಅಂದೆ.
ಅವನು ಸ್ವಿಚ್ಚು ಹಾಕಲಿಲ್ಲ. ಗೋಡೆಗೊರಗಿ ನಿಂತೇ ಇದ್ದ.

ಒಳಕೋಣೆಯಿಂದ ಅವ್ವ:
"ಲೈಟ್ ಹಚ್ಚರಿ ಯಾರರ.
ಸೂಜಿ ಇಲ್ಲೇ ಎಲ್ಲೋ ಬಿತ್ತು."