ಒಂದು ನಂಬರು ದೊಡ್ಡದು

ಕುರ್ತುಲುಷಿನ ಇಳಿಜಾರಿನಲ್ಲಿ ನನ್ನ ಅಂಗಡಿ.
ಕಿಟಕಿ ಒಂದೇ, ಅದೂ ನೆಲದ ಮಟ್ಟಕ್ಕೆ.
ಮುಖಗಳು ಕಾಣುವುದಿಲ್ಲ. ಇಸ್ತಾಂಬುಲ್ ನನಗೆ
ಮೊಣಕಾಲಿನಿಂದ ಕೆಳಗಿನ ಊರು.

ಬ್ಯಾಂಕಿನ ಹುಡುಗಿಯ ಹಿಮ್ಮಡಿ ಕಲ್ಲಿನ ಸಂದಿಗೆ ಸಿಕ್ಕಿ
ತಿಂಗಳಿಗೊಮ್ಮೆ ಮುರಿಯುತ್ತದೆ, ಅವಳಿಗೆ ಸಿಟ್ಟು ಕಲ್ಲಿನ ಮೇಲೆ.
ಹೋದ ವರ್ಷ ಬೀದಿಗೆ ಬೀದಿಯೇ ಕಪ್ಪು ಬೂಟು,
ಈ ವರ್ಷ ಎಲ್ಲರದೂ ಆಸ್ಪತ್ರೆಯ ಬಿಳುಪು.
ಮದುಮಗಳ ಜೋಡಿನ ಅಟ್ಟೆಯಲ್ಲಿ
ಗೆಳತಿಯರ ಹೆಸರು ಬರೆದಿರುತ್ತಾರೆ;
ಕುಣಿದು ಕುಣಿದು ಯಾರದು ಮೊದಲು ಅಳಿಯಿತೋ
ಮುಂದಿನ ಮದುವೆ ಅವಳದು.
ಅಳಿಯದೆ ಉಳಿದ ಒಂದು ಹೆಸರನ್ನು
ಕಾಸು ಕೇಳದೆ ಉಜ್ಜಿಕೊಟ್ಟಿದ್ದೇನೆ, ಒಮ್ಮೆ.

ಎದುರು ಮನೆಯ ರುಕ್ನೆತ್ತಿನ್ ಕ್ಷೌರಿಕ.
ನಲವತ್ತೊಂದು ವರ್ಷ ಒಂದೇ ಕುರ್ಚಿಗೆ ಪ್ರದಕ್ಷಿಣೆ,
ಬಲಗಾಲಿನ ಅಟ್ಟೆ ಹೊರಮಗ್ಗುಲಿಗೆ ಸವೆದು
ತೂತು ಬಿದ್ದಾಗಲೆಲ್ಲ ಬರುತ್ತಿದ್ದ:
‘ಆರ್ತಿನ್ ಉಸ್ತಾ, ಇನ್ನೊಂದು ಚಳಿಗಾಲ ತಳ್ಳಿಸು.’
ತಳ್ಳಿಸಿದೆ, ಏಳು.
ಎಂಟನೆಯದಕ್ಕೆ ಅಟ್ಟೆ ಗಟ್ಟಿಯಿತ್ತು,
ಅವನಿರಲಿಲ್ಲ.

ಸತ್ತವರ ಜೋಡನ್ನು ಇಲ್ಲಿ ಬಾಗಿಲ ಹೊರಗಿಡುತ್ತಾರೆ,
ಬೇಕಾದವರು ಮೆಟ್ಟಿಕೊಂಡು ಹೋಗಲಿ ಎಂದು.
ಮುರುವ್ವೆತ್ ಇಟ್ಟಳು. ಎರಡು ದಿನ ಅಲ್ಲೇ ಇತ್ತು.
ಮೂರನೇ ಮಹಡಿಗೆ ಬರಿಗಾಲಿನವನು ಹತ್ತುವುದು ಹೇಗೆ,
ಕೆಳಗೆ ನಂಬರು ಒತ್ತುವ ಬೀಗ!
ಕೊನೆಗೆ ತಾನೇ ಇಳಿದು, ಕಸದ ಡಬ್ಬಿಯಿಂದ
ನಾಲ್ಕು ಮಾರು ಆಚೆ, ಮೋಟುಗೋಡೆಯ ಮೇಲಿಟ್ಟು
ಎರಡರ ಲೇಸನ್ನೂ ಸೇರಿಸಿ ಗಂಟು ಹಾಕಿದಳು.
ಒಂದನ್ನು ಬಿಟ್ಟು ಒಂದು ಹೋಗಬಾರದಲ್ಲ,
ಜೋಡು.

ಹಿಮ ಬಿದ್ದ ಮೊದಲ ವಾರ
ನನ್ನ ಕಿಟಕಿಗೆ ಅದೇ ಜೋಡು ಬಂದು ನಿಂತಿತು.
ನಾನು ಹಾಕಿದ ಹೊಲಿಗೆ ನನ್ನನ್ನೇ ನೋಡಿತು.
ಒಳಗೆ ಬಂದವನು ಜುಮಾಲಿ, ತಲೆಯ ಮೇಲೆ ಹರಿವಾಣ,
ಹರಿವಾಣದಲ್ಲಿ ಎಳ್ಳು ಮೆತ್ತಿದ ಬಳೆರೊಟ್ಟಿ.
‘ಹಿಂದೆ ಜಾರುತ್ತೆ, ಮುಂದೆ ಕಚ್ಚುತ್ತೆ, ಏನಾದರೂ ಮಾಡಿ.’
ಮೂತಿಯ ತುಂಬ ಸುದ್ದಿಪತ್ರಿಕೆ ತುರುಕಿದ್ದ.
ತಿರುವಿ ನೋಡಿದೆ. ತಲೆಯ ಭಾರ ನೆಟ್ಟಗೆ ಇಳಿದು
ಹೆಬ್ಬೆರಳ ಬುಡ ಸವೆಯಲು ಶುರುವಾಗಿತ್ತು,
ರುಕ್ನೆತ್ತಿನ್‌ನ ಓರೆಗೆ ಒಂದಿಷ್ಟೂ ಗೌರವ ಕೊಡದೆ.

ಆಗಲೇ ಮುರುವ್ವೆತ್ ಬರಬೇಕೆ,
ಕೈಚೀಲದ ಹಿಡಿ ಕಿತ್ತಿದೆ ಎಂದುಕೊಂಡು.
ನನ್ನ ಬಾಯಲ್ಲಿ ಐದು ಮೊಳೆ.
ಬಾಯಲ್ಲಿ ಮೊಳೆ ಇರುವಾಗ ಮಾತಾಡಬಾರದು,
ಅಪ್ಪ ಕಲಿಸಿದ ಮೊದಲ ಪಾಠ.

ಅವಳು ಎಡಗಾಲಿನದನ್ನು ಕೈಗೆತ್ತಿಕೊಂಡಳು.
ಪತ್ರಿಕೆಯ ಉಂಡೆ ಹೊರಗೆಳೆದು, ಬಿಡಿಸಿ,
ತಾರೀಖು ಓದಿದಳು.
‘ಅವರಿಗೂ ಒಂದು ನಂಬರು ದೊಡ್ಡದೇ ಆಗಿತ್ತು,
ಅರ್ಧ ಬೆಲೆಗೆ ಸಿಕ್ಕಿತೆಂದು ತಂದರು.
ಹನ್ನೊಂದು ವರ್ಷ ಇದೇ ಜಗಳ.’
ಯಾರಿಗೆ ಎಂದು ಜುಮಾಲಿ ಕೇಳಲಿಲ್ಲ,
ತಲೆಯ ಹರಿವಾಣವನ್ನು ಮಾತ್ರ ಕೆಳಗಿಳಿಸಿದ.
‘ಕಾಗದ ಬೇಡ ಮಗಾ. ಉಣ್ಣೆಯ ಕಾಲುಚೀಲ ಹಾಕು,
ದಪ್ಪದ್ದು.’
ಕೈಚೀಲ ಮರೆತೇ ಹೋದಳು.

ಒಳಗೊಂದು ತೊಗಲಿನ ಪದರ ಕೂರಿಸಿದೆ,
ಓರೆಯನ್ನು ತುಂಬಿ ಸಮ ಮಾಡಿದೆ.
ಎಡಗಾಲಿನದು ಕೀರುತ್ತದೆ, ಹಿಂದೆಯೂ ಕೀರುತ್ತಿತ್ತು,
ಅದಕ್ಕೆ ಎರಡು ಮೊಳೆ, ಚಿಟಿಕೆ ಪೌಡರು, ಅಷ್ಟೇ ಕೆಲಸ.
ಅವನು ಕೇಳಲಿಲ್ಲ.

ಈಗ ದಿನಾ ಏಳೂವರೆಗೆ
ಕೀರು ಕೀರು ಎನ್ನುತ್ತ ಏರಿ ಬರುತ್ತದೆ ಇಳಿಜಾರು.
ಜುಮಾಲಿ ಇನ್ನೂ ಕೂಗಿಯೇ ಇರುವುದಿಲ್ಲ,
ಮೂರನೇ ಮಹಡಿಯ ಹಗ್ಗದ ಬುಟ್ಟಿ
ತೂಗಾಡುತ್ತ ನನ್ನ ಕಿಟಕಿಯ ಮಟ್ಟಕ್ಕೆ ಇಳಿದಿರುತ್ತದೆ.
ಅದರಲ್ಲಿ ಎರಡು ರೊಟ್ಟಿಯ ಚಿಲ್ಲರೆ.
ಒಬ್ಬಳಿಗೆ ಎರಡೇಕೆ ಎಂದು ಕೇಳಬಹುದು.
ಬಾಯಲ್ಲಿ ಮೊಳೆ.